ಎಡಮೂಲೆ

ಭದ್ರಾವತಿ ಹಳೇನಗರದ ಮಣ್ಣಂಕಣದಲ್ಲಿ
ನಾಲ್ಕು ವರ್ಷ ಅವಳ ಬಲಗೈ ನನ್ನ ಎಡಗೈಲಿತ್ತು.
ಜಬೀನಾ ಎಡಮೂಲೆ. ನಾನು ಅವಳ ಪಕ್ಕ.

ರೈಡರ್ ಬಂದಾಗ ಎಲ್ಲರ ಕಣ್ಣೂ ರೈಡರ್ ಮೇಲೆ;
ಪೇಪರಿನ ಫೋಟೋದಲ್ಲೂ ರೈಡರೇ,
ಅವಳ ಹಿಮ್ಮಡಿಯ ಹತ್ತಿರ
ಯಾರದೋ ಒಂದು ಮುಂಗೈ.

ಆ ಮುಂಗೈ ನೋಡೋಕೇ ಮೂರು ಜನ ಬಂದರು
ಘಟ್ಟದ ಕೆಳಗಿನ ಕಾಲೇಜಿನಿಂದ.
ಶಿವಮೊಗ್ಗದ ಸ್ಟೇಡಿಯಂ ಮೆಟ್ಟಿಲ ಮೇಲೆ ಕಡಲೆಕಾಯಿ ಸುಲಿಯುತ್ತ
ಎತ್ತರ ಕೇಳಿದರು, ತೂಕ ಕೇಳಿದರು,
ಮಂಡಿಗೆ ಏಟು ಬಿದ್ದಿದ್ದುಂಟಾ ಅಂತ
ಎರಡು ಸಲ ಕೇಳಿದರು.
ಎರಡು ಸಲವೂ ಇಲ್ಲ ಅಂದಳು.
ಹೋದ ಮಾರ್ಚಿನಲ್ಲಿ ಆ ಮಂಡಿಗೆ
ಬಿಸಿ ಉಪ್ಪಿನ ಗಂಟಿಟ್ಟು ಶಾಖ ಕೊಟ್ಟವಳು ನಾನು.
ಶೂ ಲೇಸು ಬಿಗಿದುಕೊಂಡೆ.

ಫೀಸಿಲ್ಲ, ಹಾಸ್ಟೆಲ್ಲಿಗೆ ದುಡ್ಡಿಲ್ಲ,
ದಿನಾ ಎರಡು ಮೊಟ್ಟೆ, ವರ್ಷಕ್ಕೆರಡು ಜೊತೆ ಶೂ.
ಎರಡನೇ ಹಾಳೆಯ ಸಣ್ಣಕ್ಷರ ಯಾರೂ ಓದಲಿಲ್ಲ.
ಅವಳ ಅಬ್ಬಾ ಆಟೋದ ಸೀಟಿನ ಮೇಲೆ ಕಾಗದ ಹರಡಿ
ಪೆನ್ನು ಜಾಡಿಸಿ, ನನ್ನ ಕಡೆ ತಿರುಗಿದರು:
‘ನಿಂದು ಯಾವಾಗ ಬರುತ್ತಮ್ಮಾ?’

ಏನು ಹೇಳಲಿ ಚಾಚಾ,
ಕಾಲು ಹಿಡಿದವಳ ಹೆಸರು ಬರಕೊಳ್ತಾರೆ,
ಅವಳ ಕೈ ಹಿಡಿದವಳದ್ದಲ್ಲ.
ಹಾಗನ್ನಲಿಲ್ಲ.
‘ಬರುತ್ತೆ’ ಅಂದೆ.

ಈಗ ಬೆಳಿಗ್ಗೆ ಆರಕ್ಕೆ ಎಡಮೂಲೆಗೆ
ಎಂಟನೇ ಕ್ಲಾಸಿನ ಹುಡುಗಿಯೊಬ್ಬಳು.
ಕೈ ಬೆವರುತ್ತೆ ಅವಳದ್ದು, ಜಾರುತ್ತೆ.
ಮಣ್ಣು ಉಜ್ಜಿಕೊ, ಅಂದೆ.
ಇನ್ನೂ ಸ್ವಲ್ಪ.
ಹಾಂ, ಈಗ ಕೊಡು.