ಇಬ್ಬರ ಸಕ್ಕರೆ

ಬೆಳಗಿನ ಜಾವ ಮೂರೂವರೆಗೆ ಟ್ರಾಮ್ ಡಿಪೋಗೆ ಹೊರಡುವ ಯಾಗ್ನಾ
ಬೂಟು ಕೈಲಿ ಹಿಡಿದು ಮೆಟ್ಟಿಲಿಳಿದು ಬಂದು
ನನ್ನ ಬಾಗಿಲ ಹಿಡಿಕೆಗೆ ಕೀಲಿಕೈ ತೂಗುಹಾಕುತ್ತಾಳೆ.
ಜತೆಗೊಂದು ಚೀಟಿ:
ಆರಕ್ಕೆ ಊಟ, ಹತ್ತಕ್ಕೆ ಊಟ, ಎರಡಕ್ಕೆ ಮತ್ತೆ.
ಮಾತ್ರೆಯ ಕಾಲುಭಾಗ, ಕೋಳಿ ಸಾರಲ್ಲಿ ಅರೆದು.
ಮೊದಲು ತೂಕ, ಲೆಯೊಕಾಡಿಯಾ, ದಮ್ಮಯ್ಯ, ಮೊದಲು ತೂಕ.

ಅದನ್ನು ಮೊದಲ ಸಲ ಕಂಡಾಗ ಮೂಗು ಮುಚ್ಚಿಕೊಂಡಿದ್ದೆ.
ಇಲಿಯಲ್ಲ, ಬೆಕ್ಕಲ್ಲ, ಯಾರೋ ಕಾಲ್ಚೀಲಕ್ಕೆ
ಬೆನ್ನುಮೂಳೆ ಹೊಲಿದಂಥ ಜೀವ.
ಫೆರೆಟ್ ಅಂತೆ. ಹೆಸರು ಗುಜಿಕ್,
ನಮ್ಮ ಪೋಲಿಷ್‌ನಲ್ಲಿ ಗುಂಡಿ.
ಹೆಸರಿಗೆ ತಕ್ಕ ಕಳ್ಳ: ನನ್ನ ಹೊಲಿಗೆ ಡಬ್ಬಿಯಿಂದ
ಹನ್ನೊಂದು ಗುಂಡಿ ಒಯ್ದು ಸೋಫಾದ ಹೊಟ್ಟೆಯಲ್ಲಿ ಬಚ್ಚಿಟ್ಟ.
ನುಂಗಿದ್ದರೆ ಕರುಳು ಕಟ್ಟಿ ಹೋಗುತ್ತಿದ್ದ, ಎಂದಳು ಯಾಗ್ನಾ.
ಅಂದಿನಿಂದ ಡಬ್ಬಿ ಬೀರುವಿನ ನೆತ್ತಿಯ ಮೇಲೆ,
ನನಗೆ ನಾನೇ ನಿಷೇಧಿಸಿಕೊಂಡ ಜೇನಿನ ಶೀಶೆಯ ಪಕ್ಕ.

ಒಮ್ಮೆ ಸತ್ತೇ ಹೋದ. ಹಾಗೆಂದು ತಿಳಿದೆ.
ಎತ್ತಿದರೆ ಒದ್ದೆ ಟವಲಿನಂತೆ ಜೋತ,
ಕರೆದರೆ ಕಿವಿ ಮಿಸುಕಲಿಲ್ಲ.
ಮೇಣದಬತ್ತಿ ಹುಡುಕಿ ಅರ್ಧ ಪ್ರಾರ್ಥನೆ ಮುಗಿಸಿದ್ದೆ,
ಆಕಳಿಸಿದ.
ಅವರ ನಿದ್ದೆಯೇ ಅಷ್ಟು ಆಳವಂತೆ.
ಇದನ್ನೆಲ್ಲ ಯಾರೂ ಮೊದಲೇ ಹೇಳುವುದಿಲ್ಲ.

ನವೆಂಬರಿನಲ್ಲಿ ನಿದ್ದೆಯೇ ಬೇರೆಯಾಯಿತು.
ಕಣ್ಣು ತೆರೆದೇ ಎಲ್ಲೋ ನೋಡುತ್ತ ನಿಲ್ಲುವನು,
ಮುಂಗಾಲಿನಿಂದ ಬಾಯಿ ಕೆರೆದುಕೊಳ್ಳುವನು,
ಹಿಂಗಾಲು ಎಳೆಯುವನು, ಸಂಬಳದ ರಾತ್ರಿಯ ನನ್ನ ಗಂಡನ ಹಾಗೆ.
ಡಾಕ್ಟರು ಎರಡು ಹನಿ ರಕ್ತ ತೆಗೆದರು.
ಮೇದೋಜೀರಕದಲ್ಲಿ ಗಸಗಸೆ ಕಾಳಿನಷ್ಟು ಗಂಟು,
ಅದರಿಂದ ರಕ್ತದ ಸಕ್ಕರೆ ಇಳಿದುಹೋಗುತ್ತದೆ.
ವಾಸಿಯಾಗದು, ಆದರೆ ಸಾಕಬಹುದು, ಎಂದರು.
ಆ ಒಂದು ಮಾತನ್ನು ಹೊದಿಕೆಯಲ್ಲಿ ಸುತ್ತಿ ಮನೆಗೆ ತಂದೆವು.

ನಗು ಬಂತು. ಹದಿನಾರು ವರ್ಷದಿಂದ ನನಗೆ ಸಕ್ಕರೆ ಕಾಯಿಲೆ,
ಹೆಚ್ಚಾಗಿ. ಇವನಿಗೆ, ಇಲ್ಲದೆ.
ಹಂಚುವಾಗ ದೇವರು ತಕ್ಕಡಿ ನೋಡಲೇ ಇಲ್ಲ.
ಈಗ ಇಬ್ಬರದೂ ಒಂದೇ ನೋಟುಪುಸ್ತಕ:
ಎಡಕ್ಕೆ ನನ್ನ ಬೆರಳಿನ ರಕ್ತ, ಬಲಕ್ಕೆ ಅವನ ತೂಕ.
ಒಂಬೈನೂರ ನಲವತ್ತು. ಒಂಬೈನೂರ ಹನ್ನೆರಡು.
ಹಿಟ್ಟು ತೂಗುವ ಬಟ್ಟಲಲ್ಲಿ ಸುರುಳಿಯಾಗಿ ಕೂರುತ್ತಾನೆ,
ನಾದಿ ಮರೆತ ಕಣಕದಂತೆ.
ಎಂಟುನೂರ ತೊಂಬತ್ತೊಂದು.
ಅಂದು ಪೆನ್ಸಿಲ್ ಚೂಪಿಲ್ಲವೆಂದು ಬರೆಯಲಿಲ್ಲ.

ಹಿಮ ಬಿದ್ದ ಗುರುವಾರ. ಯಾಗ್ನಾಳ ಟ್ರಾಮ್ ಎಲ್ಲೋ ಹಳಿಯ ಮೇಲೆ ನಿಂತಿತ್ತು.
ಅವನ ಮೈ ಬಿಲ್ಲಾಗಿ ಸೆಟೆಯಿತು, ಬಾಯಲ್ಲಿ ನೊರೆ.
ಕುರ್ಚಿ ಹತ್ತಿದೆ.
ಎಪ್ಪತ್ತೆಂಟರಲ್ಲಿ ಹತ್ತಬಾರದು, ಗೊತ್ತು.
ತಂಗಿ ಕೊಟ್ಟ ಲಿಂಡೆನ್ ಹೂವಿನ ಜೇನು ಹರಳುಗಟ್ಟಿತ್ತು,
ಅಂಗೈಯ ಬಿಸಿಗೆ ಸಡಿಲವಾಯಿತು.
ಹಲ್ಲಿನ ನಡುವೆ ಬೆರಳಿಡಬೇಡ, ಒಸಡಿಗೆ ಸವರು, ಅಷ್ಟೇ:
ಚೀಟಿಯ ಹಿಂಬದಿಯಲ್ಲಿ ಕೆಂಪು ಶಾಯಿ.
ವುಚ್ ಊರಿನ ಗಿರಣಿಯಲ್ಲಿ ನಲವತ್ತು ವರ್ಷ ಎಳೆ ಕಟ್ಟಿ
ಈಗ ಸೂಜಿಗೆ ದಾರ ಪೋಣಿಸಲಾರದ ಬೆರಳು
ಅಂದು ನಡುಗಲಿಲ್ಲ.
ಒಂದು ನಿಮಿಷ. ಎರಡು. ಗಡಿಯಾರಕ್ಕೆ ಬೈದೆ.
ಗುಲಾಬಿ ದಾರದ ತುಂಡಿನಂಥ ನಾಲಿಗೆ
ಹೊರಬಂದು ಒಸಡು ನೆಕ್ಕಿತು.
ಕೂಡಲೇ ಕೋಳಿ ಮಾಂಸ ತಿನ್ನಿಸಿದೆ, ಸಕ್ಕರೆ ಮತ್ತೆ ಜಾರದ ಹಾಗೆ.

ಸಂಜೆ ಯಾಗ್ನಾ ಸಮವಸ್ತ್ರ ಕಳಚದೆ ಅತ್ತಳು.
ಅವನು ಅವಳ ಜೇಬಿನಿಂದ ಕೈಗವಸು ಕದಿಯುತ್ತಿದ್ದ.
ವಸಂತದವರೆಗೆ ಇರುತ್ತಾನಾ, ಎಂದಳು.
ನಾನೇನೂ ಹೇಳಲಿಲ್ಲ. ಊಟದ ಹೊತ್ತಾಗಿತ್ತು.

ಒಂದು ವಿಷಯ ಚೀಟಿಯಲ್ಲಿಲ್ಲ, ನೋಟುಪುಸ್ತಕದಲ್ಲೂ ಇಲ್ಲ:
ಅವನ ಉಸಿರು ಹದಕ್ಕೆ ಬಂದ ಮೇಲೆ
ನನ್ನ ಬೆರಳ ತುದಿಯಲ್ಲಿ ಇನ್ನೂ ಜೇನಿತ್ತು.
ತೊಳೆಯಲೆಂದು ನಲ್ಲಿಯವರೆಗೆ ಹೋದೆ.
ತೊಳೆಯಲಿಲ್ಲ.