ಏಳು ಎಡಗಾಲಿನ ಬೂಟು

ಕೌನ್ಸಿಲಿನಿಂದ ಕಾಗದ:
ನಿಮ್ಮ ಅಂಗವಿಕಲ ಭತ್ಯೆ ವಾರಕ್ಕೆ
ಮೂವತ್ತಾರು ಪೌಂಡ್ ಏರಿದೆ, ಸಂತೋಷ.
ಆದಕಾರಣ ಆರೈಕೆಯ ಶುಲ್ಕವೂ
ಮೂವತ್ತಾರು ಪೌಂಡ್ ಏರಿದೆ.

ವರ ಕೊಟ್ಟ ದೇವರೂ ಕೊಡದ ಪೂಜಾರಿಯೂ
ಒಂದೇ ಲಕೋಟೆಯೊಳಗೆ.

ಸಂಡರ್‌ಲ್ಯಾಂಡಿನ ಕಡಲಗಾಳಿಗೆ ಕಿಟಕಿ ಗಡಗಡ ಅನ್ನುವಾಗ
ಕರ್ಸ್ಟಿ ಬಂದಳು. ಬೆನ್ನು ಒರೆಸಿದಳು, ಗುಂಡಿ ಹಾಕಿದಳು,
‘ಸುಮ್ಮನಿರಬೇಡ ಕುಮುದಾ,
ನಿನ್ನ ಖರ್ಚೆಲ್ಲ ಬರಿ’ ಅಂದಳು.

ಬರೆದೆ.
ಕಾಲು ಮರಗಟ್ಟದಂತೆ ಮೇ ತಿಂಗಳಲ್ಲೂ ಉರಿಯುವ ಹೀಟರು.
ದಿನಕ್ಕೆರಡು ಸಲ ಒಗೆಯುವ ದುಪ್ಪಟಿ.
ಬೂಟು.

ಬೂಟು ಎಲ್ಲರಿಗೂ ಬೇಕಲ್ಲ,
ಅಂದ ಫೋನಿನಾಚೆಯ ಅಧಿಕಾರಿ.

ಹೌದಪ್ಪ, ಬೇಕು.
ನೆಲಕ್ಕೆ ಎಳೆದೆಳೆದು ನನ್ನ ಬಲಗಾಲು
ಎರಡೇ ತಿಂಗಳಲ್ಲಿ ಬೂಟಿನ ಮೂತಿ ಸವೆಸುತ್ತದೆ;
ಅಂಗಡಿಯವ ಒಂಟಿ ಬೂಟು ಮಾರುವುದಿಲ್ಲ.

ಮೇಲ್ಮನವಿಯ ದಿನ
ಅವರ ಮೇಜಿನ ಮೇಲೆ ಸಾಲಾಗಿ ಇಟ್ಟೆ
ಏಳು ಎಡ ಬೂಟು,
ಅಂಗಡಿಯ ಹೊಳಪು ಮಾಸದವು,
ಎಲ್ಲಿಗೂ ಹೊರಡದ ಮೆರವಣಿಗೆ.

ಆತ ಎಣಿಸಿದ. ಮತ್ತೆ ಎಣಿಸಿದ.
ಕೆಮ್ಮಿದ.
ರಶೀದಿ ಇದೆಯೇ, ಕೇಳಿದ.

ಇದ್ದವು.
ಪ್ರತಿಯೊಂದರೊಳಗೂ, ಮಡಿಸಿ,
ಬೆರಳು ಇರಬೇಕಾದಲ್ಲಿ.