ಒಂದು ಗೇಣು ಹೆಚ್ಚು

ರಸ್ಕಿನ ಡಬ್ಬಿಯ ಮುಚ್ಚಳ ತೆಗೆದು ಕ್ರಾಸ್ತಾ ಮಾಮ
ಒಳಗೆ ಇಣುಕಿ, ಕನ್ನಡಕ ಒರೆಸಿ, ಮತ್ತೆ ಇಣುಕಿ,
‘ಎಂತ ಮಾರಾಯ್ತಿ ಇದು, ಶ್ಯಾವಿಗೆಯಾ?’ ಅಂದರು.

ಟ್ಯಾಂಕಿನಲ್ಲಿ ನೀರೆಷ್ಟೆಂದು ತೋರುವ ಎಂಟು ದೀಪ,
ಎಂಟು ದೀಪಕ್ಕೆ ನಾನೆಳೆದ ಮೂವತ್ತು ತಂತಿ,
ಎಲ್ಲ ಕೆಂಪು. ಉಪ್ಪಳದ ಅಂಗಡಿಯಲ್ಲಿ
ಆ ದಿನ ಇದ್ದದ್ದು ಅದೊಂದೇ ಬಣ್ಣ.
ನೀರು ಮೂರಕ್ಕೆ ಮುಟ್ಟಿದರೆ ಏಳನೆಯದು ಉರಿಯುತ್ತದೆ.
ಬೆರಳು ಹಾಕಿ ಹುಡುಕಿದರೆ ಇನ್ನೆರಡು ಕಳಚುತ್ತವೆ.

ಮೂವತ್ತೊಂದು ವರ್ಷ ಮಂಜೇಶ್ವರದ ಎಕ್ಸ್‌ಚೇಂಜಿನಲ್ಲಿ
ಊರಿನ ಮಾತನ್ನೆಲ್ಲ ಹಿಂಬದಿಯಿಂದ ನೋಡಿದವರು.
ತುಳು, ಬ್ಯಾರಿ, ಮಲಯಾಳ, ಕೊಂಕಣಿ, ನಮ್ಮ ಕನ್ನಡ,
ತಾಮ್ರದೊಳಗೆ ಎಲ್ಲ ಒಂದೇ ದಪ್ಪ, ಅನ್ನುತ್ತಾರೆ.

ಮರುದಿನ ಬಂದರು, ಕಂಕುಳಲ್ಲಿ ಹಳೆಯ ಕೇಬಲಿನ ತುಂಡು,
ಜೇಬಿನಲ್ಲಿ ಇಗರ್ಜಿಯ ಅರ್ಧ ಉರಿದ ಮೇಣದ ಬತ್ತಿ.
ಸಿಪ್ಪೆ ಸೀಳಿದರೆ ಒಳಗೆ ಬಣ್ಣಬಣ್ಣದ ಜೋಡಿ.
ನೀಲಿ, ಕಿತ್ತಳೆ, ಹಸಿರು, ಕಂದು, ಬೂದು,
ಜಪಸರ ಎಣಿಸುವ ಅದೇ ದನಿಯಲ್ಲಿ ಹೇಳಿಸಿದರು.
ತಪ್ಪಿದರೆ ಮತ್ತೆ ಮೊದಲಿನಿಂದ.

ಹೊಲಿಗೆಯ ನೂಲಿಗೆ ಮೇಣ ತಿಕ್ಕಿ
ಅಂಗುಲಕ್ಕೊಂದು ಗಂಟು,
ಉಗುರು ಕೊಟ್ಟರೆ ಬಿಚ್ಚುವಷ್ಟು ಬಿಗಿ.
ತಿರುವಿನಲ್ಲಿ ಎಲ್ಲ ಒಟ್ಟಿಗೆ ಬಾಗಬೇಕು.
‘ಕಂದು ಯಾವುದು, ಬೂದು ಯಾವುದು, ನೀನು ಹೇಳು.
ನನಗೀಗ ಎರಡೂ ಒಂದೇ.’
ಹೇಳಿದೆ. ಆಮೇಲೆ ಕೇಳಲಿಲ್ಲ,
ಬೆರಳಲ್ಲೇ ಎಣಿಸಿ ಕಟ್ಟುತ್ತಾ ಹೋದರು.

ತುದಿಗೆ ಬಿಳಿ ಪಟ್ಟಿ ಅಂಟಿಸಿ ನಾನು ಬರೆದೆ:
ದೀಪ ಒಂದು. ದೀಪ ಎರಡು. ಬ್ಯಾಟರಿ.
ಕಪ್ಪು ತಂತಿಗಳೆಲ್ಲ ಬಂದು ಸೇರುವ ತಿರುಪಿನ ಹತ್ತಿರ
ಜಿ ಎನ್ ಡಿ ಅಂತ ಬರೆಯಹೊರಟವಳು
ಯಾಕೋ ‘ನೆಲ’ ಅಂತ ಬರೆದೆ.
ಅವರು ಓದಿದರು. ಗಂಟು ಹಾಕಿದರು.

‘ಇಷ್ಟು ಉದ್ದ ಯಾಕೆ?’ ಕತ್ತರಿ ಎತ್ತಿದೆ.
ಕೈ ಹಿಡಿದರು.
‘ಒಂದು ಗೇಣು ಹೆಚ್ಚಿಡು. ಸುರುಳಿ ಮಾಡಿ ಮೂಲೆಗಿಡು.
ನಾಳೆ ಇದನ್ನು ಯಾರು ಬಿಚ್ಚುತ್ತಾರೋ ಏನೋ,
ಅವರಿಗೆ ತುಂಡು ಮಾಡಿ ಸೇರಿಸಲು ಜಾಗ ಬೇಕಲ್ಲ.’

ನೆಂಟರು ಬಂದರೆ ದೀಪಕ್ಕಿಂತ ಮೊದಲು
ಮುಚ್ಚಳ ತೆಗೆದು ಒಳಗನ್ನು ತೋರಿಸುತ್ತೇನೆ.
ನಾಲ್ಕನೆಯದು ಇನ್ನೂ ಒಮ್ಮೊಮ್ಮೆ ಮಿಣುಕುತ್ತದೆ.
ಎಲ್ಲೆಂದು ಗೊತ್ತುಂಟು:
ಕಂದು, ಐದನೆಯ ಗಂಟಿನ ಆಚೆ.
ನಾಳೆ ನೋಡಿದರಾಯಿತು.